ಸತ್ಯಾಂಶ: ಮುಸ್ಲಿಮರು ಯೇಸುನ ಒಪ್ಪೋದೇ ಇಲ್ವಾ?

ಕೋಲಾರದ ಕ್ಲಾಕ್ ಟವರ್ ಹತ್ರ ಟೀ ಕುಡೀತಿದ್ದಾಗ ಗೆಳೆಯರೊಬ್ರು ಫೋನ್ ತೋರಿಸಿದ್ರು, ‘ಮುಸ್ಲಿಮರು ಯೇಸುನ ಒಪ್ಪೋದೇ ಇಲ್ಲ, ಕ್ರೈಸ್ತರು 325ರಲ್ಲಿ ವೋಟ್ ಹಾಕಿ ಆತನ್ನ ದೇವರು ಮಾಡ್ಕೊಂಡ್ರು’ ಅಂತ ಫಾರ್ವರ್ಡು. ಎರಡೂ ತಪ್ಪು ರೀ.

ಕುರಾನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್, ಯೇಸುವಿನ ತಾಯಿದು, ಈಸಾ (ಕುರಾನಿನಲ್ಲಿ ಯೇಸುವಿನ ಹೆಸರು) ಅಲ್ಲಿ ಕನ್ಯೆ ಹೊಟ್ಟೇಲಿ ಹುಟ್ಟಿದ ದೊಡ್ಡ ಪ್ರವಾದಿ, ಆದ್ರೆ ದೇವರಲ್ಲ, ಯಾಕಂದ್ರೆ ದೇವರು ಯಾರನ್ನೂ ಹೆತ್ತಿಲ್ಲ, ಯಾರಿಗೂ ಹುಟ್ಟಿಲ್ಲ ಅಂತ 112ನೇ ಅಧ್ಯಾಯ ಖಡಾಖಂಡಿತವಾಗಿ ಹೇಳುತ್ತೆ.

ಕ್ರೈಸ್ತರು ಹೇಳೋದೂ ಮನುಷ್ಯ ದೇವರಾದ ಅಂತಲ್ಲ, ದೇವರೇ ಪ್ರೀತಿಯಿಂದ ಇಳಿದು ಬಂದು ಮನುಷ್ಯನಾದ ಅಂತ, ಇದನ್ನ ಸರಿಯಾಗಿ ಕೇಳಿಸ್ಕೋಬೇಕು. ವಾಕ್ಯವೇ (ಅಂದ್ರೆ ದೇವರ ಮಾತು, ಕ್ರೈಸ್ತರ ಪ್ರಕಾರ ಯೇಸು) ಮನುಷ್ಯನಾಯ್ತು ಅನ್ನೋ ಮಾತು ಯೋಹಾನನ ಸುವಾರ್ತೆಯಲ್ಲಿ 325ರಲ್ಲಿ ಬಿಷಪ್‌ಗಳು ಸೇರಿದ್ದ ನೈಸಿಯಾ ಸಭೆಗಿಂತ ಎಷ್ಟೋ ಮುಂಚೆನೇ ಇದೆ. ಆ ಸಭೆಲಿ ವಾದ ನಡೆದಿದ್ದು ಅರಿಯಸ್ ಅನ್ನೋ ಪಾದ್ರಿ ‘ಮಗ (ಅಂದ್ರೆ ಯೇಸು) ಸೃಷ್ಟಿಯಾದವನು’ ಅಂದಿದ್ದಕ್ಕೆ, ಯೇಸುನ ಹೊಸದಾಗಿ ದೇವರು ಮಾಡೋಕಲ್ಲ.