ದುರ್ಗದ ಗಾಳಿಗೆ ಪ್ರವೇಶವಿಲ್ಲ

ಸರ್ಕಾರ ದೊಡ್ಡ ಮನಸ್ಸು ಮಾಡಿದೆ. 30×40 ಸೈಟಿನ ಮನೆಗಳಿಗೆ ಓಸಿ (ಪಾಸಾದ ಪ್ಲಾನಿನಂತೆಯೇ ಕಟ್ಟಿದ್ದಾರೆ ಅಂತ ಕೊಡುವ ಸ್ವಾಧೀನಾನುಭವ ಪತ್ರ) ಬೇಡ, ಕರೆಂಟ್ ತಗೊಳ್ಳಿ ಅಂದಿದೆ. ಓಸಿ ಇಲ್ಲದ ಮನೆಗೆ ಕರೆಂಟ್ ಕೊಡಬೇಡಿ ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಗುಡುಗಿದ ಮೇಲೆ ಮೀಟರ್ ಸಿಗದೆ ಒದ್ದಾಡಿದವರ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳಲ್ಲ. ನನಗೆ ಬೇಕಾಗಿರುವುದು ಕಿಟಕಿ. ಯಾಕಂದ್ರೆ ಪಾಸಾದ ಪ್ಲಾನಿಗೂ ಎದ್ದು ನಿಂತ ಮನೆಗೂ ಎಷ್ಟು ದೂರ ಅಂತ ತಿಳಿಯೋಕೆ ಯಾವ ಅಧಿಕಾರಿಯೂ ಟೇಪು ಹಿಡಿದು ಬರಬೇಕಿಲ್ಲ. ಮಲಗೋ ಕೋಣೆಯ ಕಿಟಕಿ ತೆಗೆದು ಕೈ ಚಾಚಿದರೆ ಸಾಕು, ಪಕ್ಕದ ಮನೆಯ ಗೋಡೆ ಸಿಗುತ್ತದೆ.

ಚಿತ್ರದುರ್ಗದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಗಾಳಿಗೆ ಹೆಸರಾದ ಊರು. ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳೇ ಸಾಕ್ಷಿ. ಅಲ್ಲಿ ಬೀಸಿದ ಗಾಳಿ ಕರೆಂಟಾಗುತ್ತದೆ, ತಂತಿ ಹಿಡಿದು ಇಳಿದು ಬರುತ್ತದೆ, ಕಿಟಕಿ ಬಿಗಿಯಾಗಿ ಮುಚ್ಚಿದ ನಮ್ಮ ಮನೆಯೊಳಗೆ ಫ್ಯಾನ್ ತಿರುಗಿಸಿ ಮತ್ತೆ ಗಾಳಿಯಾಗುತ್ತದೆ. ಮಧ್ಯೆ ಒಂದು ಬಿಲ್ ಬರುತ್ತದೆ, ಅಷ್ಟೇ. ಇಂಥ ವ್ಯವಸ್ಥೆ ಕಂಡುಹಿಡಿದ ಜನ ನಾವು, ಸುಮ್ನೆ ಅಲ್ಲ.

ನಮ್ಮ ವಾಸ್ತುದವರು ನೈಋತ್ಯದ ಕಡೆ ಕಿಟಕಿಯೇ ಬೇಡ ಅಂದುಬಿಟ್ಟರು. ಮುಂಗಾರಿನ ಗಾಳಿ ಬರುವುದೇ ಆ ದಿಕ್ಕಿನಿಂದ ಸ್ವಾಮಿ ಅಂದೆ. ‘ಅದಕ್ಕೇ ಬೇಡ’ ಅಂದರು. ಆಮೇಲೆ ಕಿಟಕಿಗಳು ಸರಿ ಸಂಖ್ಯೆಯಲ್ಲಿ ಇರಬೇಕಂತೆ. ಬಚ್ಚಲಿನ ವೆಂಟಿಲೇಟರನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ಅವರಿಗೂ ಮೇಸ್ತ್ರಿಗೂ ಅರ್ಧ ಗಂಟೆ ವಾದ ಆಯಿತು. ನಾನು ಚಹಾ ತರಿಸಿದೆ. ಕೊನೆಗೆ ಲೆಕ್ಕ ಸರಿ ಮಾಡಲು ಮೆಟ್ಟಿಲ ಕೆಳಗೆ ಒಂದು ಪುಟ್ಟ ಕಿಟಕಿ ಬಂತು. ಅದರಿಂದ ಇಣುಕಿದರೆ ನೀರಿನ ಮೋಟರ್ ಕಾಣುತ್ತದೆ.

ಕಿಂಡಿಯ ಮಾತು ದುರ್ಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ. ಓಬವ್ವ ಒನಕೆ ಹಿಡಿದು ನಿಂತದ್ದು ಒಬ್ಬ ಮನುಷ್ಯ ಕಷ್ಟಪಟ್ಟು ತೂರಬಹುದಾದಷ್ಟು ಸಂದಿಯ ಪಕ್ಕದಲ್ಲಿ. ಇವತ್ತು ಹೈದರಾಲಿಯ ಸೈನಿಕರು ಬಂದರೆ ಓಬವ್ವನಿಗೆ ಕೆಲಸವೇ ಇರಲ್ಲ. ಮೊದಲು ಕಬ್ಬಿಣದ ಗ್ರಿಲ್ ಕುಯ್ಯಬೇಕು. ಆಮೇಲೆ ಸೊಳ್ಳೆ ಜಾಲರಿ. ಆಮೇಲೆ ಸ್ಲೈಡಿಂಗ್ ಗಾಜು, ಅದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಅದನ್ನೂ ದಾಟಿ ಒಳಗೆ ಬಂದರೆ ಮೂರು ಪದರದ ಪರದೆ. ಅಷ್ಟೊತ್ತಿಗೆ ಸೈನಿಕ ಸೆಕೆಗೆ ಬವಳಿ ಬಂದು ತಾನೇ ಬಿದ್ದಿರುತ್ತಾನೆ. 1779ರಲ್ಲಿ ಕೋಟೆ ಕೈಬಿಟ್ಟು ಹೋಯಿತಲ್ಲ, ಏಳು ಸುತ್ತು ಕಟ್ಟುವ ಬದಲು ನಮ್ಮ ಇಂಜಿನಿಯರ್ ಕೈಲಿ ಎರಡು ಕಿಟಕಿ ಇಡಿಸಿದ್ದರೆ ಇತಿಹಾಸವೇ ಬೇರೆ ಆಗುತ್ತಿತ್ತೇನೋ.

ಸ್ಲೈಡಿಂಗ್ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಒಣ ಸೆಕೆಯ ಸೀಮೆಯಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗದಷ್ಟಾದರೂ ಕಿಟಕಿ ಇರಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. 10×12 ಕೋಣೆಗೆ 12 ಚದರ ಅಡಿ. ಪ್ಲಾನಿನಲ್ಲಿ 4×4 ಕಿಟಕಿ ಬರೆದಿದ್ದಾರೆ, 16 ಆಯಿತು, ಪಾಸ್. ಆದರೆ ಯುಪಿವಿಸಿ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ಎರಡು ಟ್ರ್ಯಾಕಿನ ಸ್ಲೈಡಿಂಗ್ ಎಷ್ಟೇ ತಳ್ಳಿದರೂ ತೆರೆಯುವುದು ಅರ್ಧ. ಅಂದರೆ 8. ಚದರ ಅಡಿ ಲೆಕ್ಕದಲ್ಲಿ ದುಡ್ಡು ಮಾತ್ರ 16ಕ್ಕೂ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ‘ಹಳೇ ಕಾಲದ ಹಾಗೆ ಎರಡು ಬಾಗಿಲಿನ ಮರದ ಕಿಟಕಿ ಮಾಡಿಸೋಣ’ ಅಂದಿದ್ದಕ್ಕೆ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ಸರ್, ಹೊರಕ್ಕೆ ತೆಗೆದರೆ ಪಕ್ಕದ ಮನೆ ಗೋಡೆಗೆ ಬಡಿಯುತ್ತೆ’ ಅಂದ. ನಿಜ. ಅವನೊಬ್ಬನೇ ಇಡೀ ವ್ಯವಹಾರದಲ್ಲಿ ನಿಜ ಹೇಳಿದವನು.

ಕಿಟಕಿ ಕೂರಿಸುವ ಹುಡುಗರು ಬಂದರು. ಮೇಸ್ತ್ರಿ ಬಿಟ್ಟ ಜಾಗ ಒಂದು ಕಡೆ ನಾಲ್ಕಡಿ, ಇನ್ನೊಂದು ಕಡೆ ನಾಲ್ಕಡಿ ಮುಕ್ಕಾಲು ಇಂಚು. ‘ಸಂದಿಗೆ ಸಿಲಿಕಾನ್ ಅಂಟು ಹೊಡಿತೀವಿ ಸರ್, ಟೆನ್ಷನ್ ಬೇಡ’. ಈ ನಾಡಿನಲ್ಲಿ ಸಿಲಿಕಾನ್ ಮುಚ್ಚದ ತಪ್ಪು ಯಾವುದಿದೆ? ಫ್ರೇಮಿನ ಕೆಳಗೆ ಮಳೆನೀರು ಹೊರಗೆ ಹೋಗಲು ಉದ್ದನೆಯ ಸಣ್ಣ ತೂತುಗಳಿರುತ್ತವೆ. ಗಾರೆಯವನು ಅದನ್ನು ನೋಡಿ, ಫ್ಯಾಕ್ಟರಿಯವರು ಮರೆತಿದ್ದಾರೆ ಅಂದುಕೊಂಡು, ಬಹಳ ಮುತುವರ್ಜಿಯಿಂದ ಸಿಮೆಂಟ್ ಮೆತ್ತಿದ. ಮೊದಲ ಮಳೆಗೆ ಟ್ರ್ಯಾಕ್ ತುಂಬಿ ನೀರು ನಡುಮನೆಗೆ ಬಂತು. ನಮ್ಮ ಮನೆಯವಳು ಒಂದೇ ಮಾತು ಕೇಳಿದಳು, ‘ಗಾಳಿ ಬರಲ್ಲ, ನೀರು ಹೇಗೆ ಬಂತು?’

ನಗು ಬರುತ್ತೆ, ನಿಜ. ಆದರೆ ನನ್ನ ತಾಯಿಗೆ ಎಪ್ಪತ್ತು ದಾಟಿದೆ. ಅವರ ಕೋಣೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಲೈಟ್ ಹಾಕಿದರೇನೇ ಮಾತ್ರೆಯ ಹೆಸರು ಓದೋಕಾಗುವುದು. ಪಾಸಾದ ಪ್ಲಾನಿನಲ್ಲಿ ಆ ಕೋಣೆಯ ಪಕ್ಕ ಖಾಲಿ ಜಾಗ ಇದೆ, ಕಿಟಕಿ ಇದೆ, ಕೆಳಗೆ ಸಹಿ ಇದೆ, ಸೀಲೂ ಇದೆ. ಪಕ್ಕದವರ ಪ್ಲಾನಿನಲ್ಲೂ ಇಷ್ಟೇ ಚೆಂದದ ಖಾಲಿ ಜಾಗ ಇದೆಯಂತೆ. ಎರಡೂ ಕಾಗದದಲ್ಲಿ ಗಾಳಿ ಆರಾಮವಾಗಿ ಓಡಾಡುತ್ತಿದೆ. ಕಟ್ಟುವವನಿಗೆ ಗೊತ್ತು, ಕಟ್ಟಿಸುವವನಿಗೆ ಗೊತ್ತು, ಸಹಿ ಹಾಕಿದವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಬೀದಿಗೆ ಬೀದಿಯೇ ಹೀಗಿದೆ. ಕೇಳಿದರೆ ‘ಎಲ್ಲರೂ ಹಾಗೇ ಮಾಡ್ತಾರೆ ಬಿಡಿ’. ಎಲ್ಲರೂ ಮಾಡಿದ್ದಕ್ಕೇ ಅಲ್ಲವೇನ್ರೀ ಉಸಿರು ಕಟ್ಟುತ್ತಿರುವುದು! ಕಾನೂನು ಪಾಲಿಸಿ ಜಾಗ ಬಿಟ್ಟವನು ದಡ್ಡ, ಅವನು ಬಿಟ್ಟ ಜಾಗದ ಮೇಲೆ ಸಜ್ಜಾ ಚಾಚಿದವನು ಜಾಣ. ಈಗ ಜಾಣನಿಗೆ ಓಸಿಯೂ ಬೇಡ.

ಈ ರಿಯಾಯಿತಿಯ ಸುದ್ದಿ ಬಂದ ಸಂಜೆ ಪಕ್ಕದವರು ಪೇಡಾ ಕೊಟ್ಟರು. ಮೆಟ್ಟಿಲಿಳಿದು ಹೊರಗೆ ಬಂದು ಕೊಡುವ ಕಷ್ಟ ಯಾಕೆ, ಅವರ ಅಡುಗೆಮನೆಯ ಕಿಟಕಿಯಿಂದ ನಮ್ಮ ಅಡುಗೆಮನೆಯ ಕಿಟಕಿಗೆ ಸೀದಾ ಚಾಚಿದರು. ಗ್ರಿಲ್ ಇನ್ನೂ ಹಾಕಿಸಿರಲಿಲ್ಲ, ಡಬ್ಬ ಸಲೀಸಾಗಿ ಒಳಗೆ ಬಂತು.