ಕೊಂಡ ಬೆಲೆ ಸೊನ್ನೆ

ಊರಿಗೆ ಹೋದಾಗ ಮಕ್ಕಳನ್ನು ಏನಾದರೂ ಕೇಳಬೇಕಲ್ಲ ಅಂತ ಕೇಳುತ್ತೇವೆ, "ಏನಮ್ಮಾ, ಸ್ಕೂಲಲ್ಲಿ ಏನೇನು ಹೇಳ್ಕೊಟ್ರು?" ಇದಕ್ಕೆ ಯಾರೂ ಉತ್ತರ ಹೇಳುವುದಿಲ್ಲ, ಹೇಳಲೂಬಾರದು. "ಊಟ ಆಯ್ತಾ" ಅಂತ ಕೇಳುವ ಹಾಗೆಯೇ ಇದೂ. ಮಗು "ಹೂಂ, ಎಲ್ಲಾ" ಅಂದು ಒಳಗೆ ಓಡಬೇಕು, ನಾವು ಪೇಪರ್ ಎತ್ತಿಕೊಳ್ಳಬೇಕು. ಅಣ್ಣನ ಮಗಳಿಗೆ ಈ ಪದ್ಧತಿಯನ್ನು ಯಾರೂ ಹೇಳಿಕೊಟ್ಟಿಲ್ಲ. ಅವಳದು ಏಳನೇ ಕ್ಲಾಸು, ತಿಪಟೂರು ಕಡೆಯ ನಮ್ಮೂರಿನ ಸರ್ಕಾರಿ ಶಾಲೆ. "ಮೊದಲಿಂದ ಹೇಳ್ಲಾ ಚಿಕ್ಕಪ್ಪ?" ಅಂದಳು. ಹೇಳು ಅಂದೆ. ಮೊದಲು ಅಂದರೆ ಜೂನ್ ತಿಂಗಳು ಅಂತ ಗೊತ್ತಾಗುವಷ್ಟರಲ್ಲಿ ಕಾಫಿ ಆರಿತ್ತು.

ಅವತ್ತು ಆಯುಧಪೂಜೆಯ ಹಿಂದಿನ ದಿನ. ಅವಳ ಪುಸ್ತಕಗಳೆಲ್ಲ ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿದ್ದವು. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿವರೆಗೂ ಮುಟ್ಟುವ ಹಾಗಿಲ್ಲ, ಓದುವ ಹಾಗಂತೂ ಇಲ್ಲವೇ ಇಲ್ಲ. (ನಮ್ಮ ಹಬ್ಬಗಳಲ್ಲಿ ಮಕ್ಕಳ ಪರವಾಗಿ ಯೋಚಿಸಿದ್ದು ಇದೊಂದೇ ಅಂತ ನನ್ನ ಅನುಮಾನ.) ಪುಸ್ತಕ ಕೈಯಲ್ಲಿದ್ದಿದ್ದರೆ ವಿಜ್ಞಾನ ಆದಮೇಲೆ ಸಮಾಜ, ಸಮಾಜ ಆದಮೇಲೆ ಗಣಿತ ಅಂತ ಸಾಲಾಗಿ ಹೇಳುತ್ತಿದ್ದಳೇನೋ. ಇಲ್ಲದ್ದರಿಂದ ಮನೆಯಲ್ಲಿ ಏನು ಕಣ್ಣಿಗೆ ಬಿತ್ತೋ ಅದರ ಪ್ರಕಾರ ಹೇಳಿದಳು.

ಮೊದಲು ಕಣ್ಣಿಗೆ ಬಿದ್ದದ್ದು ಬಾವಿ ಹಗ್ಗ. ಒಂದು ತುದಿಯನ್ನು ನಡುಮನೆ ಕಿಟಕಿಯ ಸರಳಿಗೆ ಕಟ್ಟಿ, ಹಿಡಿದುಕೊಂಡು ಹೊರಟಳು. ನಡುಮನೆ ದಾಟಿತು, ಜಗಲಿ ದಾಟಿತು, ಕೊಟ್ಟಿಗೆ ಬಾಗಿಲ ಹತ್ತಿರ ಹೋಗಿ ನಿಂತಳು. "ಇಲ್ಲಿಗೆ ಏಳೂವರೆ ಮೀಟರ್. ಸಣ್ಣ ಕರುಳು ಇಷ್ಟುದ್ದ ಇರುತ್ತೆ ಅಂತ ಪುಸ್ತಕದಲ್ಲಿದೆ. ಇಷ್ಟೂ ಅಪ್ಪನ ಹೊಟ್ಟೇಲಿದೆ!" ಅಣ್ಣ ತಟ್ಟೆಯಲ್ಲಿದ್ದ ಎರಡನೇ ಒಬ್ಬಟ್ಟನ್ನೂ ತನ್ನ ಹೊಟ್ಟೆಯನ್ನೂ ಒಮ್ಮೆ ನೋಡಿಕೊಂಡ. ಕೊಟ್ಟಿಗೆವರೆಗೆ ಹೋಗಿದ್ದಳಲ್ಲ, ಹಾಗೇ ಹಸುವಿನ ಪಾಠ ಶುರುವಾಯಿತು. ಅದು ಮೊದಲು ಗಬಗಬ ನುಂಗಿಬಿಡುತ್ತೆ, ಆಮೇಲೆ ಪುರುಸೊತ್ತಾಗಿ ಬಾಯಿಗೆ ತಂದು ಅಗಿಯುತ್ತೆ. "ಮೆಲುಕು ಹಾಕೋದು ತಾನೇ, ಅದನ್ನ ಕಲಿಯೋಕೆ ಸ್ಕೂಲಿಗೆ ಹೋಗ್ಬೇಕೇನೇ?" ಅಂದಳು ಅಮ್ಮ. "ಹೊಟ್ಟೇಲಿ ನಾಲ್ಕು ಭಾಗ ಇರೋದು ಗೊತ್ತಿತ್ತಾ ಅಜ್ಜಿ?" ಗೊತ್ತಿರಲಿಲ್ಲ. ಅಷ್ಟು ವರ್ಷ ಹಾಲು ಕರೆದವಳಿಗೆ ಇದು ಸ್ವಲ್ಪ ಚುಚ್ಚಿತು ಅಂತ ಕಾಣುತ್ತೆ, ಅಲ್ಲಿಂದ ಅಮ್ಮನೂ ಪಾಠ ಕೇಳಲು ಸರಿಯಾಗಿ ಕೂತಳು.

ಆಮೇಲೆ ಅಡುಗೆಮನೆ. ಪೇಪರಿನ ಅಂಚು ಹರಿದು ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದಳು. ಸೋಪಿನ ನೀರು ಬಿಟ್ಟರೆ ಕೆಂಪು. ಅಡುಗೆ ಸೋಡಾ ಹಾಕಿದರೂ ಕೆಂಪು. "ಇವೆಲ್ಲ ಪ್ರತ್ಯಾಮ್ಲ." ಅಮ್ಮ ಸುಮ್ಮನಿರುತ್ತಾಳಾ? "ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿ ಕೆಂಪು ಮಾಡ್ತೀವಲ್ಲ, ಅದೇನು ಮತ್ತೆ?" ಹುಡುಗಿ ಒಂದು ಗಳಿಗೆ ಬಾಯಿ ಬಿಟ್ಟುಕೊಂಡು ನಿಂತಳು. "ಅಯ್ಯೋ, ಅದೇ ಅಜ್ಜಿ! ಸುಣ್ಣಾನೂ ಪ್ರತ್ಯಾಮ್ಲಾನೇ! ನೀನು ಆವಾಗಿಂದಾನೂ ಪ್ರಯೋಗ ಮಾಡ್ತಾ ಇದೀಯ!" ಅಮ್ಮನಿಗೆ ಇದು ಹೊಗಳಿಕೆ ಅನ್ನಿಸಲಿಲ್ಲ. ಅದು ದೃಷ್ಟಿ ತೆಗೆಯೋದು, ಪ್ರಯೋಗ ಗಿಯೋಗ ಅಂದರೆ ಫಲ ಸಿಗಲ್ಲ ಅಂದಳು.

ಈ ಕೆಂಪಾದ ಪೇಪರಿಗೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿಗೆ ತಿರುಗುತ್ತೆ. ಅದನ್ನು ತೋರಿಸಬೇಕು ಅಂದಳು. ನಿಂಬೆಹಣ್ಣು ಎಲ್ಲಿ? ಬುಟ್ಟಿಯಲ್ಲಿಲ್ಲ, ಫ್ರಿಡ್ಜಲ್ಲಿಲ್ಲ. ಹಿತ್ತಲಲ್ಲಿ ಗಿಡ ಇದೆ, ಗಿಡದಲ್ಲಿ ಎಲೆ ಇದೆ, ಮುಳ್ಳಿದೆ, ಹಣ್ಣು ಮಾತ್ರ ಒಂದೂ ಇಲ್ಲ. ಬೆಳಗಾದರೆ ಆಯುಧಪೂಜೆ. ಅಮ್ಮ ಮೊಮ್ಮಗಳ ಮುಖ ನೋಡಿದಳು. ಮೊಮ್ಮಗಳು ಹಸುವಿನ ಕಡೆ ನೋಡಿದಳು.

ವಿಷಯ ಏನಪ್ಪಾ ಅಂದರೆ, ರಜಕ್ಕೆ ಮುಂಚೆ ಶಾಲೆಯಲ್ಲಿ ಮಕ್ಕಳ ಸಂತೆ ನಡೆದಿತ್ತು. ಕೆಲವು ಕಡೆ ಮೆಟ್ರಿಕ್ ಮೇಳ ಅಂತಾರೆ. ಮಕ್ಕಳು ಮನೆಯಿಂದ ಸೊಪ್ಪು, ತೆಂಗಿನಕಾಯಿ, ಚಕ್ಕುಲಿ, ಮಜ್ಜಿಗೆ, ಏನಿದೆಯೋ ಅದನ್ನು ತಂದು ಶಾಲೆಯ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಮಾರೋದು, ಮೇಷ್ಟ್ರುಗಳು, ಊರಿನವರು ಬಂದು ಕೊಳ್ಳೋದು. ತಕ್ಕಡಿಯನ್ನು ಯಾರದೋ ಅಂಗಡಿಯಿಂದ ತಂದಿದ್ದರು. ಅದರಲ್ಲಿ ಐವತ್ತು ಗ್ರಾಮಿನ ಬಟ್ಟು ಕಳೆದುಹೋಗಿತ್ತಂತೆ, ಅದರ ಬದಲಿಗೆ ಒಂದು ಕಲ್ಲನ್ನು ತೂಗಿ ನೋಡಿ ಇಟ್ಟುಕೊಂಡಿದ್ದರು, ಮಧ್ಯಾಹ್ನದ ಹೊತ್ತಿಗೆ ಆ ಕಲ್ಲು ಯಾವುದು ಅಂಗಳದ ಕಲ್ಲು ಯಾವುದು ಅಂತ ಜಗಳ. ನಮ್ಮ ಹುಡುಗಿಗೆ ತಕ್ಕಡಿ ಬೇಕಾಗಲಿಲ್ಲ. ನಿಂಬೆಹಣ್ಣು ಎಣಿಕೆ ವ್ಯಾಪಾರ. ಅಜ್ಜಿ ಮದುವೆಗೆ ಅಂತ ಅರಸೀಕೆರೆಗೆ ಹೋದ ದಿನ ನೋಡಿಕೊಂಡು ಗಿಡದ ಮೂವತ್ತು ಹಣ್ಣನ್ನೂ ಕಿತ್ತುಕೊಂಡು ಹೋಗಿದ್ದಳು. ಹತ್ತು ರೂಪಾಯಿಗೆ ಮೂರರಂತೆ ಇಪ್ಪತ್ನಾಲ್ಕು ಹಣ್ಣು ಹೋಯಿತು, ಎಂಬತ್ತು ರೂಪಾಯಿ. ಹೆಡ್‌ಮಾಸ್ಟರು ಚೌಕಾಸಿ ಮಾಡಿ ಹತ್ತಕ್ಕೆ ನಾಲ್ಕು ತೊಗೊಂಡರು. ಉಳಿದ ಎರಡನ್ನು ಪಕ್ಕದಲ್ಲಿ ಪಾನಕ ಮಾರುತ್ತಿದ್ದ ಗೆಳತಿಗೆ ಕೊಟ್ಟು ಒಂದು ಲೋಟ ಪಾನಕ ಕುಡಿದಳು. ಒಟ್ಟು ತೊಂಬತ್ತು ರೂಪಾಯಿ, ಮತ್ತೊಂದು ಲೋಟ ಪಾನಕ.

ಇಲ್ಲಿಗೆ ಮುಗಿದಿದ್ದರೆ ಬೈಗುಳದಲ್ಲಿ ಹೋಗುತ್ತಿತ್ತು. ಸಂತೆ ಆದಮೇಲೆ ಲೆಕ್ಕ ಬರೆಯಬೇಕಲ್ಲ. ಶೇಕಡಾ ಲಾಭದ ಪಾಠ ಇನ್ನೂ ಬಂದಿರಲಿಲ್ಲ, ಸಂತೆಯ ನೆಪದಲ್ಲಿ ಗಣಿತದ ಮೇಷ್ಟ್ರು ಮೊದಲೇ ಹೇಳಿಕೊಟ್ಟಿದ್ದರು. ಲಾಭವನ್ನು ಕೊಂಡ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸು. ಇವಳು ಬರೆದಿದ್ದು ಹೀಗೆ. ಕೊಂಡ ಬೆಲೆ 0. ಮಾರಿದ ಬೆಲೆ 90. ಲಾಭ 90. ಶೇಕಡಾ ಲಾಭ 100. ಮೇಷ್ಟ್ರು ಕೊನೆಯ ಸಾಲಿಗೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ಸೊನ್ನೆಯಿಂದ ಭಾಗಿಸೋಕೆ ಬರಲ್ಲ, ಮನೆಯಲ್ಲಿ ಕೇಳಿಕೊಂಡು ಬಾ ಅಂತ ಕಳಿಸಿದ್ದರು. ಅದನ್ನೇ ಅವಳು ಇಲ್ಲಿತನಕ ಕೇಳದೆ ಬಚ್ಚಿಟ್ಟುಕೊಂಡಿದ್ದಳು. ಈಗ ಹೇಳಿದಳು.

"ಕೊಂಡ ಬೆಲೆ ಸೊನ್ನೆಯಾ?" ಅಂದಳು ಅಮ್ಮ. ಮೂವತ್ತು ಹಣ್ಣು ಹೋಗಿದ್ದಕ್ಕೆ ಬಂದಿರದ ಸಿಟ್ಟು ಆ ಸೊನ್ನೆಗೆ ಬಂತು. ಗಿಡ ನೆಟ್ಟ ವರ್ಷ ಮಳೆ ಇರಲಿಲ್ಲ, ಪಾತ್ರೆ ತೊಳೆದ ನೀರು ಹೊತ್ತು ಹಾಕಿದ್ದು ಯಾರು? ಮೇಕೆ ಬಾಯಿ ಹಾಕದ ಹಾಗೆ ಜಾಲಿ ಮುಳ್ಳು ಕಟ್ಟಿದ್ದು ಯಾರು? ಎಲೆ ತಿನ್ನೋ ಹಸಿರು ಹುಳನ ಒಂದೊಂದೇ ಹೆಕ್ಕಿದ್ದು ಯಾರು? ಬೇವಿನ ಹಿಂಡಿ ಯಾರಪ್ಪನ ದುಡ್ಡಲ್ಲಿ ಬಂತು? ಹಣ್ಣಿಗೆ ಒಂದು ರೂಪಾಯಿ ಅಂತ ಬರಿ ಅಂತ ತೀರ್ಪಾಯಿತು. ಬರೆದಳು. ಕೊಂಡ ಬೆಲೆ 30, ಲಾಭ 60, ಶೇಕಡಾ ಲಾಭ 200. ಇನ್ನೂರು ಅಂದಿದ್ದೇ ಅಮ್ಮ ಎದ್ದು ನಿಂತಳು. "ಇನ್ನೂರಾ! ಮಾರ್ವಾಡಿಗಳೂ ಇಷ್ಟು ತಿನ್ನಲ್ಲ ಕಣೇ!" ಸರಿ, ಹಣ್ಣಿಗೆ ಎರಡು ರೂಪಾಯಿ. ಲಾಭ ಶೇಕಡಾ 50ಕ್ಕೆ ಇಳಿಯಿತು. ಅದೂ ಜಾಸ್ತಿ ಆಯಿತು. ಮೂರು ರೂಪಾಯಿ ಹಾಕಿದರು. ಕೊಂಡ ಬೆಲೆ 90, ಮಾರಿದ ಬೆಲೆ 90. "ಈಗ ಸರಿಯಾಯ್ತು" ಅಂತ ಅಮ್ಮ ಕೂತಳು. ಹುಡುಗಿ ಅಳೋದೊಂದು ಬಾಕಿ. ಅಷ್ಟು ಹೊತ್ತು ಬಿಸಿಲಲ್ಲಿ ಕೂತು ಕೂಗಿದ್ದಕ್ಕೆ ಏನೂ ಇಲ್ವಾ ಅಂತ ಅವಳ ವಾದ. ಅದೂ ನ್ಯಾಯವೇ.

ಅಲ್ಲಿವರೆಗೆ ಸುಮ್ಮನಿದ್ದ ಅಣ್ಣನಿಗೆ ಈಗ ಬಾಯಿ ಬಂತು. ಅವನದು ತೆಂಗಿನ ತೋಟ, ಉಂಡೆ ಕೊಬ್ಬರಿ. ಇದೇ ಜಗಳವನ್ನು ದೆಹಲಿಯಲ್ಲೂ ಆಡ್ತಾರೆ, ಬೆಂಬಲ ಬೆಲೆ ಲೆಕ್ಕ ಹಾಕುವಾಗ ಕೈಯಿಂದ ಹಾಕಿದ ಖರ್ಚು ಒಂದು, ಮನೆಯವರ ದುಡಿಮೆ ಸೇರಿಸಿದ್ದು ಇನ್ನೊಂದು, ನೆಲದ ಗುತ್ತಿಗೆ ಬಡ್ಡಿ ಎಲ್ಲ ಸೇರಿಸಿದ್ದು ಮತ್ತೊಂದು, ಯಾವುದರ ಮೇಲೆ ಅರ್ಧ ಜಾಸ್ತಿ ಕೊಡಬೇಕು ಅನ್ನೋದೇ ತಕರಾರು. ಸ್ವಾಮಿನಾಥನ್ ಆಯೋಗದವರು ಖರ್ಚಿನ ಮೇಲೆ ಐವತ್ತು ಪರ್ಸೆಂಟ್ ಆದರೂ ಸಿಗಬೇಕು ಅಂತ 2006ರಲ್ಲೇ ಹೇಳಿ ಹೋದರು. 2024ರ ಸಾಲಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ಅಂದರು, 2025ಕ್ಕೆ 12,100. ನೂರು ರೂಪಾಯಿ ಏರಿಸಿದರು, ಕಾಯಿ ಕೆಡವೋರ ಕೂಲಿ ಎಷ್ಟು ಏರಿದೆ ಗೊತ್ತಾ ಅಂತ ನನ್ನನ್ನು ಕೇಳಿದ, ನಾನೇ ಏರಿಸಿದೆನೋ ಎಂಬ ಹಾಗೆ. ಕೃಷಿ ವಿಷಯ ಬಂದಾಗಲೆಲ್ಲ ಬೆಂಗಳೂರಲ್ಲಿರುವ ತಮ್ಮ ಸರ್ಕಾರದ ಕಡೆಯವನಾಗಿಬಿಡುತ್ತಾನೆ. ಅತ್ತಿಗೆ ಒಳಗಿಂದ, ಮನೆಯವರ ದುಡಿಮೆ ಅಂದ್ರಲ್ಲ, ಅದರಲ್ಲಿ ಅಡುಗೆ ಸೇರುತ್ತಾ ಅಂತ ಕೇಳಿದರು. ಅಣ್ಣ ಟಿವಿ ಹಾಕಿದ.

ಮಾರನೇ ದಿನ ಟ್ರ್ಯಾಕ್ಟರಿಗೆ ನಾಲ್ಕು, ಬೈಕಿಗೆ ಎರಡು, ನನ್ನ ಕಾರಿಗೆ ನಾಲ್ಕು, ಒಟ್ಟು ಹತ್ತು ನಿಂಬೆಹಣ್ಣನ್ನು ಅಣ್ಣ ಸಂತೆಪೇಟೆಯಿಂದ ಒಂದಕ್ಕೆ ಹತ್ತರಂತೆ ತಂದ. ನೂರು ರೂಪಾಯಿ. ಚಕ್ರದ ಕೆಳಗಿಟ್ಟು ಪಚಕ್ ಅನ್ನಿಸಲಿಕ್ಕೆ.

ಇದರ ಮಧ್ಯೆ ಪಕ್ಕದ ಮನೆಯವರೊಬ್ಬರು ಬಂದರು. ಇಂಥವರು ಪ್ರತಿ ಊರಲ್ಲೂ ಇರುತ್ತಾರೆ. ಮಗುವನ್ನು ಕಂಡ ತಕ್ಷಣ "ಎಲ್ಲಿ, ಹದಿನೇಳರ ಮಗ್ಗಿ ಹೇಳು ನೋಡೋಣ" ಅನ್ನುತ್ತಾರೆ. ಹದಿನೇಳೇ ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹದಿನೇಳೇಳ್ಲ ಹತ್ತಿರ ಅವಳು ಒಂದು ಕ್ಷಣ ತಡೆದಳು, ಆಮೇಲೆ ನೂರ ಹತ್ತೊಂಬತ್ತು ಅಂದಳು, ಆದರೆ ಅವರಿಗೆ ಬೇಕಿದ್ದದ್ದು ಆ ತಡೆದದ್ದೇ. "ಈಗಿನ ಸ್ಕೂಲಲ್ಲಿ ಏನೂ ಹೇಳ್ಕೊಡಲ್ಲ ಬಿಡಿ" ಅಂತ ಖುಷಿಯಾಗಿ ಒಬ್ಬಟ್ಟು ತಿಂದು ಹೋದರು. ಅವರ ಅಂಗಡಿಯಲ್ಲಿ ಮೂರು ಸೋಪಿಗೆ ಕ್ಯಾಲ್ಕುಲೇಟರ್ ಒತ್ತುವುದನ್ನು ನಾನೇ ನೋಡಿದ್ದೇನೆ.

ನನ್ನ ಮಗ ಓದುವುದು ಬೆಂಗಳೂರಿನ ಸ್ಕೂಲು. ಅಲ್ಲಿ ಇದೆಲ್ಲ ಬಹಳ ಶಿಸ್ತು. ಟರ್ಮ್ ಮುಗಿದಾಗ ಅಪ್ಪ ಅಮ್ಮಂದಿರನ್ನು ಕರೆಸಿ, ಮಕ್ಕಳು ತಾವು ಕಲಿತದ್ದನ್ನು ಹೇಳುವ ಕಾರ್ಯಕ್ರಮವೇ ಇದೆ. ಒಂದೊಂದು ಮೇಜು, ಮೇಜಿಗೊಂದು ಮಗು, ನಾವು ಎದುರು ನಿಂತ ಕೂಡಲೇ "ಗುಡ್ ಮಾರ್ನಿಂಗ್, ದಿಸ್ ಟರ್ಮ್ ಐ ಹ್ಯಾವ್ ಲರ್ನ್ಟ್..." ಅಂತ ಶುರುವಾಗಿ ಒಂದೇ ಉಸಿರಿಗೆ ಮುಗಿಯುತ್ತದೆ. ಮಧ್ಯದಲ್ಲಿ ಏನಾದರೂ ಕೇಳಿದರೆ ಪಾಪ, ಮತ್ತೆ ಗುಡ್ ಮಾರ್ನಿಂಗಿನಿಂದ ಬರಬೇಕು. ಮೇಜಿನ ಮೇಲೆ ಮಾಡೆಲ್. ಮಾಡೆಲ್ಲಿಗೆ ಬೇಕಾದ ಸಾಮಾನಿನ ಪಟ್ಟಿ ಹಿಂದಿನ ರಾತ್ರಿ ಒಂಬತ್ತಕ್ಕೆ ವಾಟ್ಸಾಪಿನಲ್ಲಿ ಬಂದಿರುತ್ತದೆ, ಸ್ಟೇಷನರಿ ಅಂಗಡಿ ಶಟರ್ ಅರ್ಧ ಎಳೆದಿರುತ್ತದೆ. ಈ ಸಲದ್ದು ಪ್ಲಾಸ್ಟಿಕ್ ತ್ಯಜಿಸಿ ಅಂತ ಒಂದು ಊರು. ಮನೆ, ಮರ, ಕೆರೆ, ಎಲ್ಲ ಥರ್ಮಕೋಲಿನದು. ಥರ್ಮಕೋಲೂ ಪ್ಲಾಸ್ಟಿಕ್ಕೇ, ಅಲಂಕಾರಕ್ಕೆ ಅದನ್ನು ಬಳಸೋದನ್ನು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧಿಸಿದ್ದಾರೆ ಅಂತ ಗ್ರೂಪಿನಲ್ಲಿ ಹಾಕಿದೆ. ನಾಲ್ಕು ಜನ ಕೈ ಮುಗಿದರು. ಒಬ್ಬರು ಥರ್ಮಕೋಲ್ ಇನ್ನೂ ಎಲ್ಲಿ ಸಿಗುತ್ತೆ ಅಂತ ಲೊಕೇಶನ್ ಕಳಿಸಿದರು. ರಾತ್ರಿ ಹನ್ನೊಂದಕ್ಕೆ ಚಾಕುವಿನಲ್ಲಿ ಅದನ್ನು ಕುಯ್ಯುವಾಗ ಬರುವ ಕಿರ್ ಕಿರ್ ಸದ್ದಿನ ಬಗ್ಗೆ ಹೇಳಲಾರೆ, ಹಲ್ಲು ಜುಂ ಅನ್ನುತ್ತೆ. ಮಗ ನಿದ್ದೆ ಮಾಡುತ್ತಿದ್ದ. ಮಾಡೆಲ್ಲಿಗೆ ಎ ಪ್ಲಸ್ ಬಂತು.

ಊರಿನಲ್ಲಿ ಪಾಠ ರಾತ್ರಿ ಊಟದ ತನಕವೂ ನಡೆಯಿತು. ಋಣ ಸಂಖ್ಯೆಯನ್ನು ಋಣ ಸಂಖ್ಯೆಯಿಂದ ಗುಣಿಸಿದರೆ ಧನ ಬರುತ್ತೆ ಅಂದಳು. ಸೊಸೈಟಿ ಸಾಲ ತೀರಿಸೋಕೆ ಕೈಸಾಲ ಮಾಡಿದವನು ನಾನು, ನನಗೆ ಯಾವತ್ತೂ ಹಾಗೆ ಬರಲಿಲ್ಲ ಅಂದ ಅಣ್ಣ. ಅದು ಬಗೆಹರಿಯಲಿಲ್ಲ. ಅಷ್ಟರಲ್ಲಿ ಸಾರು ಬಡಿಸಿದರು, ಸಾರಿನಲ್ಲಿ ಮೆಣಸಿನಕಾಯಿ ತೇಲುತ್ತಿತ್ತು, ಅವಳಿಗೆ ವಾಸ್ಕೋ ಡ ಗಾಮ ನೆನಪಾದ. 1498ರಲ್ಲಿ ಕಲ್ಲಿಕೋಟೆಗೆ ಬಂದ, ಅವನ ಹಿಂದೆ ಪೋರ್ಚುಗೀಸರು ಬಂದರು, ಮೆಣಸಿನಕಾಯಿ ತಂದವರು ಅವರೇ, ಅಮೆರಿಕದ ಕಡೆಯದ್ದು, ಆಲೂಗಡ್ಡೆ ಟೊಮೇಟೊ ಕೂಡ ಆ ಕಡೆಯವೇ. ನನಗೆ ಬ್ಯಾಡಗಿಯವರ ಮುಖ ಕಣ್ಣಿಗೆ ಬಂತು. ಅಮ್ಮ ನಂಬುವುದಿಲ್ಲ ಅಂದುಕೊಂಡೆ. ಅವಳು ತುತ್ತು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸಿ, "ಅದಕ್ಕೇ ಇರ್ಬೇಕು, ತಿಥಿ ಅಡುಗೆಗೆ ಮೆಣಸಿನಕಾಯಿ ಹಾಕಲ್ಲ, ಆಲೂಗಡ್ಡೆ ಹಾಕಲ್ಲ, ಟೊಮೇಟೊ ಹಾಕಲ್ಲ. ಬರೀ ಕಾಳುಮೆಣಸು. ತಾತನ ತಾತಂದಿರಿಗೆ ಗೊತ್ತಿಲ್ಲದ್ದನ್ನ ಬಡಿಸಿದ್ರೆ ಅವರೇನು ತಿಂತಾರೆ?" ಅಂದಳು. ಇದು ಪುಸ್ತಕದಲ್ಲಿರಲಿಲ್ಲ. ಹುಡುಗಿ ಊಟ ಬಿಟ್ಟು ಬರೆದುಕೊಳ್ಳಲು ಎದ್ದಳು, ನೋಟ್‌ಬುಕ್ಕೂ ದೇವರ ಮುಂದೆಯೇ ಇತ್ತು, ಕ್ಯಾಲೆಂಡರಿನ ಹಿಂದೆ ಬರೆದಳು.

ಅವಳ ಅಂಕಪಟ್ಟಿಯನ್ನೂ ನೋಡಿದೆ. ಗಣಿತಕ್ಕೆ ಬಿ ಪ್ಲಸ್. ನೂರ ಎಪ್ಪತ್ತು ಜನರ ಮಧ್ಯೆ ಹೆಡ್‌ಮಾಸ್ಟರ ಹತ್ತಿರ ಚೌಕಾಸಿ ಮಾಡಿದ್ದಕ್ಕೆ ಅಲ್ಲಿ ಕಾಲಂ ಇಲ್ಲ. ಇದರ ಮೇಲೆ ಗಂಭೀರವಾಗಿ ಏನೋ ಹೇಳಬೇಕು ಅಂತಲೇ ಬರೆಯಲು ಕೂತಿದ್ದೆ, ಕೊಬ್ಬರಿ ಲೆಕ್ಕದಲ್ಲಿ ಎಲ್ಲೋ ಜಾರಿಹೋಯಿತು.

ಜನವರಿಯಲ್ಲಿ ಇನ್ನೊಂದು ಸಂತೆ ಇದೆಯಂತೆ. ಅಮ್ಮ ನುಗ್ಗೆಕಾಯಿಯ ದರವನ್ನು ಈಗಲೇ ಹೇಳಿಬಿಟ್ಟಿದ್ದಾಳೆ, ಒಂದಕ್ಕೆ ಮೂರು ರೂಪಾಯಿ, ದುಡ್ಡು ಮುಂಗಡ, ಸಾಲ ಇಲ್ಲ. ಮೊಮ್ಮಗಳು ರಸೀದಿ ಕೇಳುತ್ತಿದ್ದಾಳೆ.