ಒಂದು ದೊಡ್ಡ ಸೊನ್ನೆ

ಡೋನೆಗಾಲ್ ಕೌಂಟಿಯ ಪೆಟಿಗೋ ಎಂಬ ಊರಿನ ನಡುವೆ ಟರ್ಮನ್ ಎಂಬ ಚಿಕ್ಕ ಹೊಳೆ ಹರಿಯುತ್ತದೆ. ಅದರ ಸೇತುವೆ ದಾಟಲು ಒಂದು ನಿಮಿಷವೂ ಬೇಡ. ಈಚೆ ದಡದಲ್ಲಿ ಐರ್ಲೆಂಡ್ ಗಣರಾಜ್ಯ, ಆಚೆ ದಡದಲ್ಲಿ ಯುನೈಟೆಡ್ ಕಿಂಗ್‌ಡಂ. ಆಚೆಯ ದಡದ ಮನೆಗಳಿಗೆ ಟುಲಿಹೊಮನ್ ಎಂದು ಬೇರೆ ಹೆಸರು. ಡಬ್ಲಿನ್‌ನಲ್ಲಿ ನೆಲೆಸಿದ ಮೇಲೆ ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ಸೇತುವೆಯ ನಡುವೆ ನಿಂತಿದ್ದಾಗ ಜೇಬಿನ ಮೊಬೈಲ್ ಸದ್ದು ಮಾಡಿತು: ಬ್ರಿಟನ್ನಿಗೆ ಸ್ವಾಗತ ಎಂಬ ಸಂದೇಶ. ನಾಲ್ಕು ಹೆಜ್ಜೆ ಹಿಂದಕ್ಕೆ ಬಂದೆ. ಕೆಳಗೆ ನೀರು ತನ್ನ ಪಾಡಿಗೆ ಹರಿಯುತ್ತಿತ್ತು.

ಅಂದಿನಿಂದ ನನ್ನ ತಲೆಯಲ್ಲಿ ಕುಳಿತಿರುವುದು 1925. ಐರ್ಲೆಂಡಿನ ಸ್ವಾತಂತ್ರ್ಯದ ಕಥೆ ಹೇಳುವವರು 1916ರ ಬಂಡಾಯ, ಬ್ರಿಟನ್ ಜೊತೆಗಿನ 1921ರ ಒಪ್ಪಂದ, ಆ ಒಪ್ಪಂದದ ಪರ-ವಿರೋಧಿಗಳ ಅಂತರ್ಯುದ್ಧ ಎಂದು ಹೇಳಿ ಅಲ್ಲಿಗೆ ನಿಲ್ಲಿಸುತ್ತಾರೆ. ಬಂದೂಕು ತಣ್ಣಗಾದ ಮೇಲೆ, ಕಚೇರಿಯ ಮೇಜಿನ ಮೇಲೆ ನಡೆದದ್ದು ಯಾರಿಗೂ ಬೇಡ. ಆದರೆ ಈ ಗಡಿ ಗಟ್ಟಿಯಾದದ್ದು ಅಲ್ಲೇ.

1921ರ ಒಪ್ಪಂದದ 12ನೆಯ ವಿಧಿ ಒಂದು ಆಸೆ ಹುಟ್ಟಿಸಿತ್ತು. ಉತ್ತರದ ಆರು ಕೌಂಟಿಗಳು ಹೊಸ ರಾಜ್ಯದಿಂದ ಹೊರಗುಳಿದರೆ ಗಡಿ ಆಯೋಗವೊಂದು ಬರುತ್ತದೆ, ನಿವಾಸಿಗಳ ಇಚ್ಛೆಯಂತೆ ಗಡಿಯನ್ನು ತಿದ್ದುತ್ತದೆ. ಅದೇ ವಾಕ್ಯದ ಬಾಲದಲ್ಲಿ, ಆರ್ಥಿಕ ಮತ್ತು ಭೌಗೋಳಿಕ ಪರಿಸ್ಥಿತಿಗೆ ಹೊಂದುವಷ್ಟರ ಮಟ್ಟಿಗೆ ಎಂಬ ಮಾತೂ ಇತ್ತು. ಟಿರೋನ್, ಫರ್ಮಾನಾ ಕೌಂಟಿಗಳ ಕ್ಯಾಥೊಲಿಕ್ ರಾಷ್ಟ್ರವಾದಿಗಳು ಮೊದಲ ಭಾಗವನ್ನು ನಂಬಿದರು, ಆಯೋಗದ ಅಧ್ಯಕ್ಷರು ಎರಡನೆಯ ಭಾಗವನ್ನು ಹಿಡಿದರು. ಅಧ್ಯಕ್ಷರು ದಕ್ಷಿಣ ಆಫ್ರಿಕಾದ ನ್ಯಾಯಾಧೀಶ ರಿಚರ್ಡ್ ಫೀಥಮ್. ಉತ್ತರದ ಸರ್ಕಾರ ತನ್ನ ಪ್ರತಿನಿಧಿಯನ್ನು ಹೆಸರಿಸಲು ನಿರಾಕರಿಸಿದ್ದರಿಂದ ಬ್ರಿಟನ್ನೇ ಜೆ.ಆರ್. ಫಿಷರ್ ಅವರನ್ನು ನೇಮಿಸಿತು. ಡಬ್ಲಿನ್ ಕಳುಹಿಸಿದ್ದು ತನ್ನ ಶಿಕ್ಷಣ ಸಚಿವ ಓಯಿನ್ ಮ್ಯಾಕ್‌ನೀಲ್ ಅವರನ್ನು.

ಮ್ಯಾಕ್‌ನೀಲ್ ಅವರನ್ನು ಬೈಯುವುದು ಸುಲಭ. ನನಗೆ ಮನಸ್ಸು ಬರುವುದಿಲ್ಲ. ಹುಟ್ಟಿದ್ದು ಉತ್ತರದ ಆಂಟ್ರಿಮ್‌ನಲ್ಲಿ, ವೃತ್ತಿಯಿಂದ ಇತಿಹಾಸಕಾರ, ಐರಿಷ್ ಭಾಷೆಗಾಗಿ 1893ರಲ್ಲಿ ಗೇಲಿಕ್ ಲೀಗ್ ಕಟ್ಟಿದವರಲ್ಲಿ ಒಬ್ಬರು. ಅಂತರ್ಯುದ್ಧದಲ್ಲಿ ಅವರ ಮಗ ಬ್ರಯನ್ ಅಪ್ಪನ ಸರ್ಕಾರದ ವಿರುದ್ಧವೇ ಬಂದೂಕು ಹಿಡಿದು, 1922ರಲ್ಲಿ ಬೆನ್‌ಬುಲ್ಬೆನ್ ಬೆಟ್ಟದ ಮೇಲೆ ಸರ್ಕಾರಿ ಪಡೆಯ ಗುಂಡಿಗೆ ಬಲಿಯಾದ. ಅಂಥ ಸಂಕಟ ಹೊತ್ತ ಮನುಷ್ಯನನ್ನು ಸಚಿವ ಪದವಿಯ ಜೊತೆಗೆ ಈ ಆಯೋಗದಲ್ಲೂ ಕೂರಿಸಿದರು. ಕಲಾಪ ಗುಟ್ಟಾಗಿರಬೇಕೆಂದು ಆಯೋಗ ಒಪ್ಪಿಕೊಂಡಿತ್ತು. ಅವರು ಆ ಮಾತಿಗೆ ಕಟ್ಟುಬಿದ್ದು ಸಂಪುಟದ ಗೆಳೆಯರಿಗೂ ಬಾಯಿ ಬಿಡಲಿಲ್ಲ.

1925ರಲ್ಲಿ ಆಯೋಗ ಆರ್ಮಾ, ರಾಸ್ಟ್ರೆವರ್, ಎನಿಸ್ಕಿಲನ್, ಡೆರಿ, ಓಮಾ ಪಟ್ಟಣಗಳಲ್ಲಿ ಕುಳಿತು ಸಾಕ್ಷ್ಯ ಕೇಳಿತು. ನಮ್ಮೂರಿನ ಸಂತೆ ಯಾವ ಪಟ್ಟಣದಲ್ಲಿ, ದನ ಮಾರುವುದು ಎಲ್ಲಿ, ನಡುವೆ ಸುಂಕದ ಕಟ್ಟೆ ಬಂದು ಏನಾಯಿತು ಎಂದು ಜನ ಹೇಳಿಕೊಂಡರು. 1923ರ ಏಪ್ರಿಲ್‌ನಿಂದ ಗಡಿಯಲ್ಲಿ ಸುಂಕ ವಸೂಲಿ ಶುರುವಾಗಿತ್ತು. 1925ರ ನವೆಂಬರ್ 7ರಂದು ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆ ನಕ್ಷೆಯೊಂದನ್ನು ಅಚ್ಚು ಹಾಕಿ ಗುಟ್ಟನ್ನು ಒಡೆಯಿತು. ದಕ್ಷಿಣ ಆರ್ಮಾ ಡಬ್ಲಿನ್ನಿಗೆ ಸೇರುತ್ತದೆ, ಆದರೆ ಡೋನೆಗಾಲ್‌ನ ಪೂರ್ವದ ಒಂದು ತುಂಡು ಉತ್ತರಕ್ಕೆ ಹೋಗುತ್ತದೆ! ಕ್ಯಾಥೊಲಿಕರೇ ಹೆಚ್ಚಿದ್ದ ನ್ಯೂರಿ ಪಟ್ಟಣ ಇದ್ದಲ್ಲೇ ಉಳಿಯುತ್ತದೆ. ಪಡೆಯುವುದನ್ನಷ್ಟೇ ಎಣಿಸುತ್ತಿದ್ದ ಡಬ್ಲಿನ್, ಕಳೆದುಕೊಳ್ಳುವ ಮಾತು ಕೇಳಿ ಕಂಗಾಲಾಯಿತು. ಮ್ಯಾಕ್‌ನೀಲ್ ಮೊದಲು ಆಯೋಗಕ್ಕೆ, ಕೆಲವೇ ದಿನಗಳಲ್ಲಿ ಸಂಪುಟಕ್ಕೂ ರಾಜೀನಾಮೆ ಕೊಟ್ಟರು.

ಸರ್ಕಾರದ ಮುಖ್ಯಸ್ಥ ಕಾಸ್ಗ್ರೇವ್ ಲಂಡನ್ನಿಗೆ ಧಾವಿಸಿದರು. ಡಿಸೆಂಬರ್ 3ರಂದು ಸಹಿ ಬಿತ್ತು: ಗಡಿ ಇದ್ದಂತೆಯೇ ಇರುತ್ತದೆ, ಬ್ರಿಟನ್ನಿನ ರಾಷ್ಟ್ರೀಯ ಸಾಲದಲ್ಲಿ ಐರ್ಲೆಂಡಿನ ಪಾಲು ಮನ್ನಾ. ಸಂಸತ್ತಿನಲ್ಲಿ ಕಾಸ್ಗ್ರೇವ್ ತಮ್ಮ ಮನಸ್ಸಿನಲ್ಲಿದ್ದ ಅಂಕಿ ಒಂದೇ ಎಂದರು. ಅದು ಒಂದು ದೊಡ್ಡ ಸೊನ್ನೆ. ಅದಕ್ಕಾಗಿ ಹೆಣಗಿದೆ, ಅದನ್ನೇ ಪಡೆದೆ ಎಂಬುದು ಅವರ ಮಾತಿನ ಸಾರ. ಮಸೂದೆಗೆ 71 ಮತ ಪರವಾಗಿ, 20 ವಿರುದ್ಧ. ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಲಾರೆವೆಂದು, 1921ರ ಒಪ್ಪಂದವನ್ನು ವಿರೋಧಿಸಿದ್ದ ನಾಯಕ ಡಿ ವಲೇರಾ ಮತ್ತು ಅವರ ಗೆಳೆಯರು ಸದನದ ಹೊರಗೇ ಉಳಿದಿದ್ದರು. 1923ರಲ್ಲಿ ಅವರು ಗೆದ್ದ ಸ್ಥಾನಗಳು 44. ಕೂಡಿಸಿ ನೋಡಿ: 64. ಆಗಲೂ ಮಸೂದೆ ಗೆಲ್ಲುತ್ತಿತ್ತು.

ಆ ಸೊನ್ನೆಯ ಬೆಲೆ ನನಗೆ ಅರ್ಥವಾಗುತ್ತದೆ. ಹಿಂದಿನ ವರ್ಷವಷ್ಟೇ ಇದೇ ಸರ್ಕಾರ ಮುದುಕರ ವಾರದ ಪಿಂಚಣಿಯಿಂದ ಒಂದು ಶಿಲಿಂಗ್ ಕತ್ತರಿಸಿತ್ತು. ಅಷ್ಟು ಬರಿಗೈ. ಹಾಗಿದ್ದೂ ಅದೇ 1925ರಲ್ಲಿ ಶ್ಯಾನನ್ ನದಿಯಿಂದ ವಿದ್ಯುತ್ ತೆಗೆಯಲು ಜರ್ಮನಿಯ ಸೀಮೆನ್ಸ್ ಜೊತೆ ಸುಮಾರು 52 ಲಕ್ಷ ಪೌಂಡುಗಳ ಕರಾರು ಮಾಡಿಕೊಂಡ ಎದೆಗಾರಿಕೆಯೂ ಈ ಸರ್ಕಾರದ್ದೇ. ಸುಮಾರು 30 ಲಕ್ಷ ಜನರ ಬಡ ದೇಶಕ್ಕೆ ಅದು ಸಣ್ಣ ಮಾತಲ್ಲ, ಅದಕ್ಕಾಗಿ ನಾನು ಅವರಿಗೆ ಕೈ ಮುಗಿಯುತ್ತೇನೆ. ಸಾಲ ತೀರಿಸಲಾರದವರು ಸಾಲ ಮನ್ನಾ ಕೇಳಿದ್ದಕ್ಕೂ ನನ್ನ ತಕರಾರಿಲ್ಲ.

ನನ್ನ ಸಿಟ್ಟು ವರದಿಯನ್ನು ಬಚ್ಚಿಟ್ಟದ್ದಕ್ಕೆ. ಅದನ್ನು ಸುಟ್ಟುಹಾಕುವುದು ಇಲ್ಲವೇ ಹೂತುಹಾಕುವುದು ಒಳ್ಳೆಯದೆಂದು ಕಾಸ್ಗ್ರೇವ್ ಅವರೇ ಹೇಳಿದರು. ಉತ್ತರದ ಪ್ರಧಾನಿ ಕ್ರೇಗ್, ಬ್ರಿಟನ್ನಿನ ಪ್ರಧಾನಿ ಬಾಲ್ಡ್ವಿನ್ ಒಪ್ಪಿದರು. ಬೆಳಗಾವಿಯ ಬಗ್ಗೆ ನಾವು ಇಂದಿಗೂ ಮಾತಾಡುತ್ತೇವಲ್ಲ, 1967ರ ಮಹಾಜನ್ ವರದಿ ಕೈಯಲ್ಲಿರುವುದರಿಂದಲೇ ಹಳ್ಳಿ ಹಳ್ಳಿ ಎಣಿಸಿ ವಾದಿಸುತ್ತೇವೆ. ಒಪ್ಪುವವರಿಗೂ ಒಪ್ಪದವರಿಗೂ ಅದೊಂದು ಆಧಾರ. ಐರಿಷ್ ಗಡಿಯ ಜನರಿಗೆ ಅಷ್ಟೂ ಸಿಗಲಿಲ್ಲ. ಸಾಕ್ಷ್ಯ ಹೇಳಿ ಹೋದವರಿಗೆ ತಮ್ಮ ಮಾತು ಯಾವ ಲೆಕ್ಕಕ್ಕೆ ಬಂತು, ಏಕೆ ಬರಲಿಲ್ಲ ಎಂದು ಯಾರೂ ಹೇಳಲಿಲ್ಲ.

ಫರ್ಮಾನಾದ ನಾಯಕ ಕ್ಯಾಹಿರ್ ಹೀಲಿ ಇದನ್ನು ದ್ರೋಹವೆಂದು ಕರೆದರು. ವಿಚಾರಣೆಯಿಲ್ಲದೆ ಆರ್ಜೆಂಟಾ ಎಂಬ ಸೆರೆ ಹಡಗಿನಲ್ಲಿ ಕೊಳೆತು ಬಂದಿದ್ದವರು ಅವರು. ಆ ಮಾತು ಆಡುವ ಹಕ್ಕು ಅವರಿಗಿತ್ತು.

ವರದಿ ಅಚ್ಚಾಗಿ ಹೊರಬಂದದ್ದು 1969ರಲ್ಲಿ. ದಕ್ಷಿಣಕ್ಕೆ ಸೇರಬೇಕಿದ್ದವರು 31,319 ಮಂದಿ, ಉತ್ತರಕ್ಕೆ 7,594 ಎಂದು ಒಬ್ಬೊಬ್ಬರನ್ನೂ ಬಿಡದೆ ಎಣಿಸಿದ್ದಾರೆ. ಅಷ್ಟು ಹೊತ್ತಿಗೆ ಆಯೋಗದ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ರೈತರಲ್ಲಿ ಎಷ್ಟೋ ಜನ ಮಣ್ಣು ಸೇರಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಬ್ರಿಟಿಷ್ ಸೈನಿಕರು ಡೆರಿಯ ಬೀದಿಗಿಳಿದರು.